ಚಳಿಜ್ವರದ ರೋಗಾಣುವಿನ ಬರಹ



ಮಲೇರಿಯಾ ಅಂದರೆ ನಡುಕದ ಚಳಿಜ್ವರ. ಕಡೂರು, ತರೀಕೆರೆ, ಅಜ್ಜಂಪುರದ ನಮ್ಮ ಹಿರಿಯರು ಇದನ್ನು ಕಂಡವರು. ಸೊಳ್ಳೆ ಕಚ್ಚಿದಾಗ ರೋಗಾಣು ನಮ್ಮ ರಕ್ತ ಸೇರುತ್ತದೆ. ಒಂದು ಹತ್ತಾಗಿ, ಹತ್ತು ನೂರಾಗಿ ಬೆಳೆಯುತ್ತದೆ.

ಹೇಗೆ ಬೆಳೆಯುತ್ತದೆ? ರೋಗಾಣುವಿನ ಒಳಗೆ ಡಿ.ಎನ್.ಎ. ಎಂಬ ಬರಹ ಇದೆ. ನಾವು ಹಲಗೆ ನೋಡಿ ಸ್ಲೇಟಿನಲ್ಲಿ ಬರೆಯುತ್ತೇವಲ್ಲ, ಹಾಗೆ ಅದು ತನ್ನ ಬರಹ ನಕಲು ಮಾಡಿ ಮರಿಗಳಿಗೆ ಕೊಡುತ್ತದೆ. ತಪ್ಪಾದರೆ ತಾನೇ ತಿದ್ದುತ್ತದೆ. ತಿದ್ದದೆ ಉಳಿದ ಕೆಲವು ತಪ್ಪುಗಳಿಂದ ಅದಕ್ಕೇ ಲಾಭ. ಮಾತ್ರೆ ನುಂಗಿದರೂ ಅದು ಸಾಯುವುದಿಲ್ಲ! 1973ರಲ್ಲಿ ಅಸ್ಸಾಮಿನಲ್ಲಿ ಕ್ಲೋರೋಕ್ವಿನ್ ಮಾತ್ರೆಗೆ ಬಗ್ಗದ ರೋಗಾಣು ಸಿಕ್ಕಿತು. ಈ ನಕಲಿನ ಕೆಲಸವನ್ನೇ ತಡೆಯುವ ಔಷಧಿಗಾಗಿ ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ನಮ್ಮ ಕೈಲಿ ಏನಿದೆ? ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸೋಣ. ಬಸುರಿಯಾಗಿದ್ದರೆ ಮೊದಲೇ ಹೇಳೋಣ. ಜ್ವರ ಬಿಟ್ಟಿತು ಅಂತ ಮಾತ್ರೆ ಬಿಡಬಾರದು. ಅರ್ಧಕ್ಕೆ ಬಿಟ್ಟರೆ ಗಟ್ಟಿ ರೋಗಾಣು ಉಳಿಯುತ್ತದೆ. ಹೇಳಿದಷ್ಟೂ ದಿನ ನುಂಗೋಣ.