ಮಕ್ಕಳ ಕೈಯಿಂದ ಕೊಡಿಸುವ ಮುನ್ನ

(ರಮಝಾನಿನ ಕೊನೆಯ ಹತ್ತು ದಿನಗಳ ಆರಂಭದಲ್ಲಿ ಚಳ್ಳಕೆರೆಯ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)





ಹಬ್ಬ ಹತ್ತಿರವಾಗಿದೆ. ಚಳ್ಳಕೆರೆ ಮತ್ತು ಮೊಳಕಾಲ್ಮುರಿನ ಬಡ ಮನೆಗಳ ಮಕ್ಕಳಿಗೆ ಹೊಸ ಬಟ್ಟೆ ಮತ್ತು ಹಬ್ಬದ ಅಡುಗೆಯ ಸಾಮಗ್ರಿ ತಲುಪಿಸುವ ಕೆಲಸಕ್ಕೆ ಈ ಸಲವೂ ನಾವು ಕೈ ಹಾಕಿದ್ದೇವೆ. ನಿಮ್ಮ ಮಕ್ಕಳನ್ನೂ ಕರೆತನ್ನಿ ಎಂದು ನಾವೇ ನಿಮ್ಮನ್ನು ಕೇಳಿಕೊಂಡಿದ್ದೆವು. ಕರೆತಂದಿದ್ದೀರಿ, ಅದಕ್ಕಾಗಿ ಕೃತಜ್ಞತೆಗಳು. ಆದರೆ ಕೆಲಸ ಆರಂಭಿಸುವ ಮುನ್ನ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕಾಗಿದೆ. ಈ ಮಕ್ಕಳನ್ನು ನಾವು ಇಲ್ಲಿಗೆ ಕರೆತಂದಿರುವುದು ಏನನ್ನು ಕಲಿಸಲಿಕ್ಕಾಗಿ?

ಕೊಡುವುದನ್ನು ಕಲಿಸಲಿಕ್ಕಾಗಿ ಎಂಬ ಉತ್ತರ ಸುಲಭ. ಆದರೆ ಕೊಡುವ ವಿಧಾನ ತಪ್ಪಿದರೆ ಮಗು ದಾನವನ್ನು ಕಲಿಯುವುದಿಲ್ಲ, ದೊಡ್ಡಸ್ತಿಕೆಯನ್ನು ಕಲಿಯುತ್ತದೆ. ಇದನ್ನು ನಾವು ಪುಸ್ತಕದಿಂದ ತಿಳಿದದ್ದಲ್ಲ, ನಮ್ಮದೇ ತಪ್ಪಿನಿಂದ ತಿಳಿದದ್ದು.

ಕೆಲವು ವರ್ಷಗಳ ಹಿಂದೆ ನಾವು ಇಂಥದೇ ಕಾರ್ಯಕ್ರಮ ನಡೆಸಿದ್ದೆವು. ವೇದಿಕೆ ಇತ್ತು, ಬ್ಯಾನರ್ ಇತ್ತು, ಮೈಕ್ ಇತ್ತು. ಫಲಾನುಭವಿ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಕೂಗಿ ಕರೆಯಲಾಯಿತು. ನಮ್ಮ ಮಕ್ಕಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ವೇದಿಕೆಯ ಮೇಲೆ ಸಾಲಾಗಿ ನಿಂತು ಪೊಟ್ಟಣ ಕೊಟ್ಟರು. ಕೊಡುವ ಕೈ ಮತ್ತು ಪಡೆಯುವ ಕೈ ಎರಡೂ ಪೊಟ್ಟಣದ ಮೇಲಿರುವಾಗ ಫೋಟೋ ತೆಗೆಯಲಾಯಿತು. ಎಲ್ಲವೂ ಅಚ್ಚುಕಟ್ಟಾಗಿ ಮುಗಿಯಿತೆಂದು ನಾವು ಪರಸ್ಪರ ಅಭಿನಂದಿಸಿಕೊಂಡೆವು.

ಅಂದು ರಾತ್ರಿ ಊಟದ ಹೊತ್ತಿನಲ್ಲಿ ನಮ್ಮ ಮಗಳು ಕೇಳಿದಳು: “ಅಬ್ಬಾ, ಆ ಹುಡುಗ ನನ್ನ ಕ್ಲಾಸಿನವನು. ದಿನಾ ನನ್ನ ಜೊತೆ ಮಾತಾಡ್ತಾನೆ. ಇವತ್ತು ಬಟ್ಟೆ ತಗೊಳ್ಳುವಾಗ ನನ್ನ ಮುಖಾನೇ ನೋಡಲಿಲ್ಲ. ನಾನೇನಾದರೂ ತಪ್ಪು ಮಾಡಿದೆನಾ?”

ನಮ್ಮಲ್ಲಿ ಉತ್ತರವಿರಲಿಲ್ಲ. ರಜೆ ಮುಗಿದು ಶಾಲೆ ಆರಂಭವಾದ ಮೇಲೂ ಆ ಹುಡುಗ ಅವಳೊಂದಿಗೆ ಮೊದಲಿನಂತೆ ಮಾತಾಡಲಿಲ್ಲ. ಒಂದು ಜೊತೆ ಬಟ್ಟೆ ಕೊಟ್ಟು ನಾವು ಎರಡು ಮಕ್ಕಳ ಗೆಳೆತನವನ್ನು ಕಸಿದುಕೊಂಡಿದ್ದೆವು. ತಪ್ಪು ಮಾಡಿದವರು ಆ ಮಕ್ಕಳಲ್ಲ, ನಾವು.

ಬಂಧುಗಳೇ, ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 264ನೇ ಸೂಕ್ತದ ಎಚ್ಚರಿಕೆ ನಮಗೆಲ್ಲ ತಿಳಿದಿದೆ. ಕೊಟ್ಟದ್ದನ್ನು ಎತ್ತಿ ಆಡುವುದರಿಂದಲೂ ಪಡೆದವರ ಮನ ನೋಯಿಸುವುದರಿಂದಲೂ ದಾನವೇ ವ್ಯರ್ಥವಾಗಿಬಿಡುತ್ತದೆ ಎಂಬುದು ಅದರ ಆಶಯ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಷ್ಟು ಗುಟ್ಟಾಗಿ ಕೊಡುವವನನ್ನು ಪ್ರವಾದಿಯವರು(ಸ) ಪ್ರಶಂಸಿಸಿದ್ದಾರೆ. ಇದನ್ನು ನಾವು ಜುಮಾ ಭಾಷಣಗಳಲ್ಲಿ ಎಷ್ಟು ಸಲ ಕೇಳಿಲ್ಲ? ಆದರೂ ಬಲಗೈ ಕೊಡುವುದನ್ನು ಊರಿಗೆಲ್ಲ ತೋರಿಸಲು ಎಡಗೈಯಲ್ಲಿ ಮೊಬೈಲ್ ಹಿಡಿದು ನಿಲ್ಲುತ್ತೇವೆ.

ಫಿತ್ರ್ ಝಕಾತಿನ ನಿಯಮವನ್ನೊಮ್ಮೆ ಯೋಚಿಸಿ. ಅನುಕೂಲವುಳ್ಳ ಮನೆಯ ಯಜಮಾನನು ತನ್ನ ಪರವಾಗಿ ಮಾತ್ರವಲ್ಲ, ತನ್ನ ಪುಟ್ಟ ಮಕ್ಕಳ ಪರವಾಗಿಯೂ, ತೊಟ್ಟಿಲಲ್ಲಿರುವ ಕೂಸಿನ ಪರವಾಗಿಯೂ ಅದನ್ನು ಕೊಡಬೇಕು. ಈದ್ ನಮಾಝಿಗೆ ಮುನ್ನವೇ ಅದು ಬಡವರ ಮನೆ ತಲುಪಬೇಕು. ಅಂದರೆ ಮಾತು ಬಾರದ ಮಗುವಿನ ಹೆಸರಿನಲ್ಲಿಯೂ ಒಂದು ಪಾಲು ಸಲ್ಲುತ್ತದೆ. ಯಾರೂ ಹಸಿದು ಹಬ್ಬ ಮಾಡಬಾರದು ಎಂಬುದಷ್ಟೇ ಅಲ್ಲಿನ ಕಾಳಜಿ. ಅಲ್ಲಿ ವೇದಿಕೆಗೆ ಜಾಗವಿಲ್ಲ, ಕೊಟ್ಟವನ ಹೆಸರು ಕೂಗುವವರಿಲ್ಲ.

ಆ ಘಟನೆಯ ಮರುವರ್ಷ ನಾವು ವೇದಿಕೆಯನ್ನು ಕೈಬಿಟ್ಟೆವು. ಮಕ್ಕಳನ್ನು ಕರೆದುಕೊಂಡು ತಳಕು, ಹಾನಗಲ್ ದಾಟಿ ಮೊಳಕಾಲ್ಮುರಿಗೆ ಹೋದೆವು. ಅಲ್ಲಿ ನೇಕಾರರೊಬ್ಬರ ಮನೆ. ಮೊಳಕಾಲ್ಮುರಿನ ರೇಷ್ಮೆ ಸೀರೆಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆಯಿದೆ, ದೊಡ್ಡ ಪಟ್ಟಣಗಳ ಅಂಗಡಿಗಳಲ್ಲಿ ಬೆಲೆಯೂ ಇದೆ. ಆದರೆ ಅದನ್ನು ನೇಯುವ ಮನೆಯಲ್ಲಿ ಮಗ್ಗವೇ ಅರ್ಧ ಮನೆಯನ್ನು ಆಕ್ರಮಿಸಿತ್ತು. ಉಳಿದರ್ಧದಲ್ಲಿ ಅಡುಗೆ, ಮಲಗುವುದು, ಮಕ್ಕಳ ಓದು. ನಾವು ಹೋದ ಕೂಡಲೇ ಆ ಮನೆಯ ತಾಯಿ ಚಾಪೆ ಹಾಸಿ, “ಬಾರಮ್ಮ, ಕುತ್ಕೊ” ಎಂದು ನಮ್ಮ ಮಗಳನ್ನು ಕೂರಿಸಿದರು. ಅವರ ಮಗಳು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಮ್ಮ ಮಗಳಿಗೂ ಆಸೆಯಾಯಿತು. ಕೈಯಿಟ್ಟಳು, ನೂಲು ಕಡಿಯಿತು. ಮತ್ತೊಮ್ಮೆ ಯತ್ನಿಸಿದಳು, ಮತ್ತೆ ಕಡಿಯಿತು. ಆ ಹುಡುಗಿ ನಗುತ್ತಾ ಕಡಿದ ಎಳೆಯನ್ನು ಕ್ಷಣದಲ್ಲಿ ಹೊಸೆದು ಜೋಡಿಸಿ, ಬೆರಳನ್ನು ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟಳು. ನಾವು ತಂದಿದ್ದ ಚೀಲವನ್ನು ತಾಯಿಯ ಕೈಗೆ ಕೊಟ್ಟು ಬಂದೆವು. ಅದನ್ನು ಅವರು ಯಾವಾಗ ತೆರೆದರು, ಏನೆಂದು ಹೇಳಿ ಮಗಳಿಗೆ ಕೊಟ್ಟರು ಎಂಬುದು ಅವರ ಮನೆಯ ವಿಷಯ.

ಹಿಂದಿರುಗುವಾಗ ಬಸ್ಸಿನಲ್ಲಿ ನಮ್ಮ ಮಗಳು ಬಟ್ಟೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. “ಅವಳಿಗೆ ಎಷ್ಟು ಚೆನ್ನಾಗಿ ಬರುತ್ತೆ, ನನಗೆ ಬರಲೇ ಇಲ್ಲ” ಎಂದಳು. ಅಂದು ಅವಳು ಕಲಿತದ್ದೇ ನಿಜವಾದ ಪಾಠ. ಕೊಡಲೆಂದು ಹೋದವಳು ಪಡೆದು ಬಂದಿದ್ದಳು.

ಆದುದರಿಂದ ಈ ಸಲದ ಕೆಲಸಕ್ಕೆ ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೇವೆ. ವೇದಿಕೆ ಇಲ್ಲ, ಫೋಟೋ ಇಲ್ಲ. ಬಟ್ಟೆಯ ಅಳತೆ ಮತ್ತು ಇಷ್ಟದ ಬಣ್ಣವನ್ನು ಮೊದಲೇ ಮನೆಯವರಿಂದ ಕೇಳಿ ತಿಳಿಯೋಣ. ಬಡವರ ಮಕ್ಕಳಿಗೂ ಇಷ್ಟಾನಿಷ್ಟಗಳಿವೆ. ಚೀಲವನ್ನು ಮಗುವಿನ ಕೈಗಲ್ಲ, ತಂದೆತಾಯಿಯ ಕೈಗೆ ಕೊಡೋಣ. ಹೊಸ ಬಟ್ಟೆ ಅಬ್ಬ ತಂದದ್ದು, ಅಮ್ಮಿ ತಂದದ್ದು ಎಂಬ ಸಂತೋಷ ಆ ಮಗುವಿನದಾಗಲಿ. ಫಿತ್ರ್ ಝಕಾತಿನ ಲೆಕ್ಕ ಬೇರೆ, ಬಟ್ಟೆಗಾಗಿ ಕೂಡಿಸಿದ ಸದಕದ ಲೆಕ್ಕ ಬೇರೆ ಇರಲಿ. ಬಟ್ಟೆ ಹಂಚುವಾಗ ನೆರೆಹೊರೆಯ ಬಡಮಕ್ಕಳ ಜಾತಿಧರ್ಮ ಕೇಳುವುದು ಬೇಡ.

ಮಕ್ಕಳಿಗೆ ನಿಜವಾದ ಕೆಲಸ ಕೊಡಿ. ಪುಟ್ಟವರು ಶಾವಿಗೆಯ ಪೊಟ್ಟಣ ಎಣಿಸಲಿ. ಸ್ವಲ್ಪ ದೊಡ್ಡವರು ಸಕ್ಕರೆ ತೂಗಿ ಕಟ್ಟಲಿ. ಹೈಸ್ಕೂಲಿನವರು ಲೆಕ್ಕ ಬರೆಯಲಿ. ತಮ್ಮ ಹುಂಡಿಯಿಂದ ಹತ್ತು ರೂಪಾಯಿಯಾದರೂ ಹಾಕಲಿ, ಏಕೆಂದರೆ ತಂದೆಯ ಹಣವನ್ನು ಹಂಚುವುದು ಮಗುವಿನ ದಾನವಾಗದು. ಇನ್ನೊಂದು ಮುಖ್ಯ ಮಾತು: ಚೀಲ ಕಟ್ಟುವ ದಿನ ಎಲ್ಲ ಮನೆಗಳ ಮಕ್ಕಳೂ ಬರಲಿ. ಚೀಲ ಪಡೆಯುವ ಮನೆಯ ಮಗುವೂ ಬಂದು ಕಟ್ಟಲಿ. ಯಾರ ಮನೆಯ ಮಗು ಯಾವುದೆಂದು ಗುರುತಿಸಲು ಸಾಧ್ಯವಾಗದಿದ್ದರೆ ಕಾರ್ಯಕ್ರಮ ಯಶಸ್ವಿಯಾಯಿತೆಂದು ತಿಳಿಯೋಣ.

ಬಂಧುಗಳೇ, ಇನ್ನೊಂದು ಗಂಭೀರ ವಿಷಯವಿದೆ. ಹಬ್ಬ ಒಂದು ದಿನದ್ದು, ಬೇಸಿಗೆ ರಜೆ ಎರಡು ತಿಂಗಳದ್ದು. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ನಮ್ಮದೂ ಒಂದು. ಶೇಂಗಾ ಬೆಳೆ ಕೈಕೊಟ್ಟ ವರ್ಷ ಹೊಲದಲ್ಲಿ ಕೂಲಿ ಇಲ್ಲ, ಎಣ್ಣೆ ಗಿರಣಿಗಳಲ್ಲಿಯೂ ಕೆಲಸ ಕಡಿಮೆ. ಶಾಲೆಯ ಬಿಸಿಯೂಟವನ್ನು ನೆಚ್ಚಿಕೊಂಡ ಮಗುವಿಗೆ ರಜೆ ಎಂದರೆ ಒಂದು ಹೊತ್ತಿನ ಊಟ ತಪ್ಪುವುದು ಎಂದರ್ಥ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಬಿಸಿಯೂಟ ನೀಡಬೇಕೆಂದು ಸುಪ್ರೀಂ ಕೋರ್ಟು 2004ರ ಏಪ್ರಿಲ್‌ನಲ್ಲಿಯೇ ಆದೇಶಿಸಿದೆ. 2024ರ ಬೇಸಿಗೆಯಲ್ಲಿ ಬರಪೀಡಿತವೆಂದು ಘೋಷಿತವಾದ ತಾಲೂಕುಗಳಲ್ಲಿ ರಾಜ್ಯ ಸರಕಾರ ಹಾಗೆ ನೀಡಿತು ಕೂಡ. ಬರ ಘೋಷಣೆಯಾದಾಗಲೆಲ್ಲ ಇದು ನಮ್ಮ ಮಕ್ಕಳ ಹಕ್ಕು, ಯಾರ ಭಿಕ್ಷೆಯೂ ಅಲ್ಲ. ಆದರೆ ಎಷ್ಟು ಮಂದಿ ಪೋಷಕರು ಶಾಲೆಗೆ ಹೋಗಿ ಕೇಳಿದ್ದೇವೆ? ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಎಷ್ಟು ಸಲ ಹೋಗಿದ್ದೇವೆ?

ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿಯು, ಅಪಾಯಕಾರಿಯಲ್ಲದ ಮನೆಯ ಉದ್ಯೋಗದಲ್ಲಿ ಮಕ್ಕಳು ಶಾಲೆಯ ಹೊತ್ತಿನ ನಂತರ ಮತ್ತು ರಜೆಯಲ್ಲಿ ನೆರವಾಗಲು ಅವಕಾಶ ಕೊಟ್ಟಿದೆ. ತಾಯಿಯ ಪಕ್ಕ ಕೂತು ಕಲಿಯುವುದು ಬೇರೆ, ಮನೆಯ ಸಾಲ ತೀರಿಸಲು ದಿನವಿಡೀ ದುಡಿಯುವುದು ಬೇರೆ. ಈ ಗೆರೆ ಎಲ್ಲಿ ಅಳಿಸಿಹೋಗುತ್ತದೆ ಎಂಬುದು ಮಗ್ಗದ ಮನೆಗಳನ್ನು ಕಂಡವರಿಗೆ ಗೊತ್ತು. ಇತ್ತ 2022ರಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗಳಿಗಷ್ಟೇ ಸೀಮಿತಗೊಳಿಸಿತು. 8ನೇ ತರಗತಿಯವರೆಗಿನ ಮಕ್ಕಳು ಅದರಿಂದ ಹೊರಗುಳಿದರು. ಹಬ್ಬಕ್ಕೆ ಬಟ್ಟೆ ಕೊಟ್ಟು, ಇಂತಹ ನಿರ್ಧಾರಗಳ ಬಗ್ಗೆ ತುಟಿ ಬಿಚ್ಚದಿದ್ದರೆ ನಮ್ಮ ದಾನ ನಮ್ಮದೇ ಮನಸ್ಸಿನ ಸಮಾಧಾನಕ್ಕಷ್ಟೇ ಆಗುತ್ತದೆ. ಚೀಲ ಕಟ್ಟಲು ಕಲಿತ ಮಗು ಮುಂದೊಂದು ದಿನ ಅರ್ಜಿ ಬರೆಯಲೂ ಕಲಿಯಬೇಕು. ಅದನ್ನು ಕಲಿಸಬೇಕಾದವರೂ ನಾವೇ.

ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ಶ್ರೇಯಸ್ಸು ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಅದು ಸಾಧ್ಯ ಎಂಬ ಭಾವವನ್ನು ನಮ್ಮ ಈ ಬಂಡೆಗಳು ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಹೊತ್ತು ನಿಂತಿವೆ. ನಮ್ಮ ಮಕ್ಕಳು ಸಣ್ಣವರು, ಅವರ ಹತ್ತು ರೂಪಾಯಿಯೂ ಸಣ್ಣದು. ಆದರೆ ಅವರು ಇಂದು ಯಾವ ಬಗೆಯಲ್ಲಿ ಕೊಡಲು ಕಲಿಯುತ್ತಾರೋ ನಾಳೆ ಈ ಊರು ಆ ಬಗೆಯಲ್ಲಿ ಬಾಳುತ್ತದೆ.

ಆ ಹುಡುಗನ ಮಾತನ್ನು ಹೇಳಿ ಮುಗಿಸುತ್ತೇವೆ. ನಾವು ಅವನ ಮನೆಗೆ ಹೋಗಿ ಅವನ ತಂದೆಯಲ್ಲಿ ಕ್ಷಮೆ ಕೇಳಿದೆವು. ಅವರು ದೊಡ್ಡ ಮನಸ್ಸಿನವರು, “ಹೋಗಲಿ ಬಿಡಿ ಭಾಯಿ” ಎಂದರು. ಕಳೆದ ವರ್ಷ ಚೀಲ ಕಟ್ಟುವ ದಿನ ಆ ಹುಡುಗ ತಾನಾಗಿಯೇ ಬಂದು ತೂಕ ಮಾಡಲು ನಿಂತ. ನಮ್ಮ ಮಗಳು ಲೆಕ್ಕ ತಪ್ಪಾಗಿ ಬರೆದಾಗ ಗದರಿಸಿ ತಿದ್ದಿಸಿದ. ಅವಳು ಸಿಟ್ಟಾದಳು. ನಮಗೆ ಮಾತ್ರ ಆ ಗದರಿಕೆ ಕೇಳಿ ಮನಸ್ಸು ಹಗುರಾಯಿತು.

ಯಾರ ತಲೆಯನ್ನೂ ತಗ್ಗಿಸದಂತೆ ಕೊಡುವ ಕೈಗಳನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ, ಆಮೀನ್.