ರನ್ನನು ಕಂಡ ರಣಭೂಮಿ

(ಪಂಚಕಲ್ಯಾಣ ಮಹೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಮ್ಮ ಕವಿಗಳು ಯುದ್ಧಕಾವ್ಯಗಳನ್ನೇಕೆ ಬರೆದರು ಎಂದು ತರುಣರು ನನ್ನನ್ನು ಹಲವು ಸಲ ಕೇಳಿದ್ದಾರೆ. ಅರಸರ ಅನ್ನದ ಋಣವೆಂದು ಹೇಳಿ ನುಣುಚಿಕೊಳ್ಳಬಹುದು. ನಾನೂ ಬಹುಕಾಲ ಹಾಗೆಯೇ ಹೇಳುತ್ತಿದ್ದೆ. ರನ್ನನ ಗದಾಯುದ್ಧವನ್ನು ನಿಧಾನವಾಗಿ ಮತ್ತೊಮ್ಮೆ ಓದಿದ ಮೇಲೆ ಆ ಉತ್ತರ ಸಾಲದೆಂದು ತೋರಿತು.

ಮುದುವೊಳಲಿನ ಬಳೆಗಾರರ ಮನೆಯಲ್ಲಿ ೯೪೯ರಲ್ಲಿ ಹುಟ್ಟಿದ ರನ್ನನು ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದನು. ತನ್ನ ಒಡೆಯನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಹೊಗಳುವುದು ಈ ಕಾವ್ಯದ ಉದ್ದೇಶ. ಆದರೆ ಕವಿಯು ನಮ್ಮನ್ನು ರಣಭೂಮಿಯೊಳಕ್ಕೆ ಕರೆದೊಯ್ಯುವುದು ಸೋತವನ ಬೆನ್ನ ಹಿಂದೆ. ಶರಶಯ್ಯೆಯಲ್ಲಿರುವ ಭೀಷ್ಮರನ್ನು ಕಾಣಲೆಂದು ದುರ್ಯೋಧನನು ಸಂಜಯನ ಜೊತೆಯಲ್ಲಿ, ಕಾಲ್ನಡಿಗೆಯಲ್ಲಿ, ಹೆಣಗಳ ನಡುವೆ ದಾರಿ ಮಾಡಿಕೊಳ್ಳುತ್ತ ಹೋಗುತ್ತಾನೆ. ಹೆಜ್ಜೆ ಹೆಜ್ಜೆಗೂ ಪರಿಚಿತ ಮುಖ. ಗುರು ದ್ರೋಣ ಬಿದ್ದಿದ್ದಾನೆ. ಅನಂತರ ಅಭಿಮನ್ಯು, ವೈರಿಯ ಮಗ. ಆ ಹುಡುಗನ ಸಾಹಸವನ್ನು ಮೆಚ್ಚಿ, ಅಂಥದೇ ಮರಣ ತನಗೂ ಬರಲೆಂದು ಪ್ರಾರ್ಥಿಸುತ್ತಾನೆ. ಮುಂದೆ ತನ್ನ ಮಗ ಲಕ್ಷಣಕುಮಾರ. ಮಗನಿಂದ ತರ್ಪಣ ಪಡೆಯಬೇಕಾದ ತಂದೆ ಮಗನಿಗೇ ತರ್ಪಣ ಬಿಡಬೇಕಾಗಿದೆ. ಆಮೇಲೆ ದುಶ್ಶಾಸನ, ಕರ್ಣ. ಇಷ್ಟನ್ನೆಲ್ಲ ಕಂಡ ಮೇಲೂ ಭೀಷ್ಮರು ಹೇಳಿದ ಸಂಧಿಯ ಮಾತಿಗೆ ಅವನು ಒಪ್ಪುವುದಿಲ್ಲ. ಮಾನಕಷಾಯದ ಬಲ ಅಷ್ಟು! ಶ್ರಾವಕನಾದ ಕವಿಗೆ ಅದು ತಿಳಿಯದ ವಿಷಯವೇನಲ್ಲ.

ನಮ್ಮ ತರಗತಿಗಳಲ್ಲಿ ಈ ಭಾಗವನ್ನು ಕರುಣರಸಕ್ಕೆ ಉದಾಹರಣೆಯೆಂದು ಗುರುತು ಹಾಕಿಸಿ ಮುಂದೆ ಸಾಗುತ್ತೇವೆ. ಬಾಯಿಪಾಠಕ್ಕೆ ಭೀಮನ ಗರ್ಜನೆಯೇ ಪ್ರಿಯ.

ಯುದ್ಧವು ಮನೆಯೊಳಗೆ ಉಳಿಸಿಹೋಗುವುದನ್ನೂ ರನ್ನನು ಹತ್ತಿರದಿಂದ ಬಲ್ಲವನು. ೯೯೩ರಲ್ಲಿ ಅವನಿಂದ ಅಜಿತಪುರಾಣವನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಪತಿ ನಾಗದೇವನು ಯುದ್ಧದಲ್ಲಿ ಮಡಿದವನು. ಆಕೆಯ ತಂಗಿಯೂ ಸವತಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಮಗ ಅಣ್ಣಿಗದೇವನನ್ನು ಬೆಳೆಸುವ ಹೊಣೆ ಹೊತ್ತು ಅತ್ತಿಮಬ್ಬೆ ಉಳಿದಳು. ಆ ಮನೆಯ ಕಥೆಯನ್ನು ನಮ್ಮವರೆಗೆ ತಲುಪಿಸಿದುದು ರನ್ನನ ಪುರಾಣ. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ಪ್ರತಿ ಉತ್ಸವದಲ್ಲಿಯೂ ಕೊಂಡಾಡುವ ನಾವು ಗುಂಡಮಬ್ಬೆಯ ಚಿತೆಯನ್ನು ನೆನೆಯುವುದೇ ಇಲ್ಲ.

ಲಕ್ಕುಂಡಿಯಲ್ಲಿ ಆಕೆ ಬಸದಿಯನ್ನು ಕಟ್ಟಿಸಿದ ವಿಚಾರ ೧೦೦೭ರ ಶಾಸನದಲ್ಲಿದೆ. ಅದೇ ಶಕವರ್ಷದ ಹೊಟ್ಟೂರು ಶಾಸನವು, ಚೋಳರು ಒಂಬತ್ತು ಲಕ್ಷ ದಂಡಿನೊಡನೆ ಬಂದು ನಾಡನ್ನು ಸುಲಿದು, ಹೆಂಗಸರು ಮಕ್ಕಳೆನ್ನದೆ ಕೊಂದರೆಂದು ಹೇಳುತ್ತದೆ. ಒಂಬತ್ತು ಲಕ್ಷವೆಂಬುದು ಅತಿಶಯೋಕ್ತಿಯಿರಬೇಕು. ಮಕ್ಕಳ ಕೊಲೆಯನ್ನು ಹಾಗೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಆ ಶಾಸನವೂ ಶತ್ರುವನ್ನು ಓಡಿಸಿದ ಸತ್ಯಾಶ್ರಯನ ಹೊಗಳಿಕೆಯೇ, ಗದಾಯುದ್ಧದಂತೆ. ಹೊಗಳಹೊರಟವರು ಸತ್ತವರನ್ನು ಲೆಕ್ಕದಿಂದ ಬಿಡಲಿಲ್ಲ. ತರುಣರ ಪ್ರಶ್ನೆಗೆ ಈಗ ನಾನು ಕೊಡುವ ಉತ್ತರ ಇದು: ರನ್ನನು ವಿಜಯಕ್ಕೆ ವಂದಿಯಾಗಿ ಹೋಗಿ ಮರಣಕ್ಕೆ ಸಾಕ್ಷಿಯಾದನು.

ಇಂದು ರಾತ್ರಿ ಇದೇ ಮಂಟಪದಲ್ಲಿ ಗಮಕವಾಚನವಿದೆ. ಭೀಮನ ಪ್ರತಿಜ್ಞೆಗಿಂತ ಮೊದಲು ಅಭಿಮನ್ಯು, ಲಕ್ಷಣಕುಮಾರರ ಪದ್ಯಗಳನ್ನು ಓದಬೇಕೆಂದು ಗಮಕಿಗಳಲ್ಲಿ ಬಿನ್ನವಿಸಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ತಾವೆಲ್ಲರೂ ಮಕ್ಕಳೊಡನೆ ಬರಬೇಕು.