ಜೇನುಗೂಡು ಕಲಿಸುವ ಪಾಠ



ಪಾಸ್ಕ ಜಾಗರಣೆಯ ರಾತ್ರಿ ಹಾಡುವ ದೀಪಸ್ತುತಿಯಲ್ಲಿ ಜೇನುನೊಣಗಳ ದುಡಿಮೆಯ ಸ್ಮರಣೆಯುಂಟು. ದೀಪದ ಮೇಣವು ಎಳೆಯ ಕೆಲಸಗಾರ ನೊಣಗಳ ಹೊಟ್ಟೆಯಡಿಯ ಗ್ರಂಥಿಗಳಿಂದ ಒಸರಿದುದು. ಅದರಿಂದಲೇ ಅವು ಆರು ಮೂಲೆಯ ಕೋಣೆಗಳನ್ನು ಕಟ್ಟುತ್ತವೆ.

ಗೂಡಿಗೆ ರಾಣಿ ಒಬ್ಬಳೇ. ಮೊಟ್ಟೆಯಿಡುವುದು ಆಕೆಯ ಕಾರ್ಯ. ಸಾವಿರಾರು ಕೆಲಸಗಾರ ನೊಣಗಳು ಮರಿಗಳನ್ನು ಸಲಹುತ್ತವೆ, ಕಾವಲಿರುತ್ತವೆ, ಕಡೆಗೆ ಹೂವಿಗೆ ಹಾರುತ್ತವೆ. ಹೂವಿರುವ ದಿಕ್ಕನ್ನೂ ದೂರವನ್ನೂ ಅವು ನರ್ತಿಸಿ ತಿಳಿಸುವ ಬಗೆಯನ್ನು ಬಿಡಿಸಿ ತೋರಿದ ಕಾರ್ಲ್ ಫಾನ್ ಫ್ರಿಷ್ ಅವರಿಗೆ 1973ರಲ್ಲಿ ನೊಬೆಲ್ ಬಹುಮಾನ ಸಂದಿತು. ನೀರಾದ ಮಕರಂದವನ್ನು ಬಾಯಿಂದ ಬಾಯಿಗೆ ದಾಟಿಸಿ, ರೆಕ್ಕೆ ಬೀಸಿ ಆರಿಸಿದಾಗ ಅದು ಜೇನಾಗುತ್ತದೆ.

ಶಿರವಾಳದ ಸೀಮೆಯಲ್ಲಿ ತೊಗರಿ ಹೂಬಿಟ್ಟಾಗ ಕಾಯಿಕಟ್ಟಲು ನೊಣಗಳು ನೆರವಾಗುತ್ತವೆ. ಹೂವಿನ ಮೇಲೆ ಹಗಲಲ್ಲಿ ಕೀಟನಾಶಕ ಸಿಂಪಡಿಸಿದರೆ ಅವು ಸಾಯುತ್ತವೆ; ಹೆಜ್ಜೇನಿಗೆ ಪಂಜು ಹಿಡಿದರೆ ಮರಿಗಳೂ ಸುಡುತ್ತವೆ. ಸಿಂಪಡಿಸಲೇಬೇಕಾದಲ್ಲಿ, ಅವು ಗೂಡಿಗೆ ಮರಳಿದ ಸಂಜೆಯಲ್ಲಿ ಸಿಂಪಡಿಸೋಣ. ಜೇನು ತುಂಬಿದ ಮೇಲ್ಭಾಗವನ್ನಷ್ಟೇ ಕೊಯ್ದು, ಮರಿಗಳ ಭಾಗವನ್ನು ಉಳಿಸೋಣ.

ದುಡಿಯುವ ಕಾಲದಲ್ಲಿ ಕೆಲಸಗಾರ ನೊಣದ ಆಯುಸ್ಸು ಕೆಲವೇ ವಾರ. ಗೂಡು ಮಾತ್ರ ಬಾಳುತ್ತದೆ. ತಾನು ಕೂಡಿಟ್ಟ ಜೇನನ್ನು ತಾನೇ ಉಣ್ಣುವೆನೆಂದು ಅದು ದುಡಿಯುವುದಿಲ್ಲ. ನೂರು ವರ್ಷಗಳ ನಮ್ಮ ಧರ್ಮಕೇಂದ್ರವನ್ನು ಕಟ್ಟಿದ ಹಿರಿಯರೂ ಹಾಗೆಯೇ ದುಡಿದರು. ಅವರು ಉಳಿಸಿದುದನ್ನು ಮಕ್ಕಳ ಕೈಗೆ ದಾಟಿಸುವ ಹೊಣೆ ನಮ್ಮದು. ದೇವರು ನಮ್ಮೆಲ್ಲರನ್ನೂ ಹರಸಲಿ.